ಗಾಡಿ ನಂಬರಿನ ಎರಡು ಕೆಲಸ

ಬೀದರಿನಲ್ಲಿ ಕೊಂಡ ಕಾರನ್ನು ಮೈಸೂರಿಗೆ ತಂದು ಹತ್ತು ವರ್ಷ ಓಡಿಸಿದರೂ ಅದರ ನಂಬರು ಬದಲಾಗುವುದಿಲ್ಲ. ನಡುವಿನ ದೂರ ಏಳುನೂರು ಕಿಲೋಮೀಟರಿಗೂ ಹೆಚ್ಚು. ಆದರೂ ಆರ್‌ಸಿಯಲ್ಲಿ ವಿಳಾಸ ತಿದ್ದಿಸಿಕೊಂಡರೆ ಸಾಕು, ಕೆಎ 38 ಎಂಬ ಬೀದರಿನ ಗುರುತು ಹಾಗೆಯೇ ಉಳಿಯುತ್ತದೆ. ಅದೇ ಕಾರನ್ನು ಅತ್ತಿಬೆಲೆಯ ಗಡಿ ದಾಟಿಸಿ, ಕೂಗಳತೆಯಲ್ಲಿರುವ ಹೊಸೂರಿನಲ್ಲಿ ಒಂದು ವರ್ಷಕ್ಕೆ ಮೀರಿ ಇಟ್ಟುಕೊಂಡರೆ ಕೆಎ ಹೋಗಿ ಟಿಎನ್ ಬರಬೇಕು. ಮಂಜೇಶ್ವರದ ಕನ್ನಡಿಗರು ತಲಪಾಡಿಯ ಈಚೆಗೆ ಬಂದು ಮಂಗಳೂರಿನಲ್ಲಿ ಮನೆ ಮಾಡಿದರೂ ಇದೇ ನಿಯಮ. ಕೆಎಲ್ 14 ಬಿಟ್ಟು ಕೆಎ 19 ಪಡೆಯಬೇಕು. ಗಾಡಿ ಅದೇ, ಎಂಜಿನ್ ಅದೇ, ಮಾಲೀಕರೂ ಅವರೇ. ಹಾಗಿದ್ದರೆ ಬದಲಾಗುವುದು ಏನು? ತೆರಿಗೆ ಯಾವ ರಾಜ್ಯದ ಖಜಾನೆಗೆ ಸಲ್ಲಬೇಕು ಎಂಬುದೊಂದೇ. ಗಾಡಿಯನ್ನು ಗುರುತಿಸುವುದಕ್ಕಾಗಿ ಹುಟ್ಟಿದ ಸಂಖ್ಯೆಗೆ ನಡುದಾರಿಯಲ್ಲಿ ತೆರಿಗೆಯ ವಿಳಾಸ ಹೇಳುವ ಎರಡನೆಯ ಕೆಲಸವೂ ಅಂಟಿಕೊಂಡಿತು. ನಂಬರು ಬದಲಿಸುವ, ಉಳಿಸಿಕೊಳ್ಳುವ ನಮ್ಮ ನಿಯಮಗಳ ತೊಡಕೆಲ್ಲ ಅಲ್ಲಿಂದ ಶುರುವಾದದ್ದು. ಈ ಎರಡು ಕೆಲಸಗಳನ್ನು ಬೇರ್ಪಡಿಸುವ ಕಾಲ ಬಂದಿದೆ ಎಂದು ಚರಿತ್ರೆಯೇ ತೋರಿಸುತ್ತದೆ.

ಸಂಖ್ಯೆ ಹುಟ್ಟಿದ್ದು ಪೊಲೀಸರ ಅಗತ್ಯಕ್ಕೆ. 1893ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಆಡಳಿತ ಮೋಟಾರು ಗಾಡಿಗಳಿಗೆ ಮಾಲೀಕನ ಹೆಸರು, ವಿಳಾಸ ಮತ್ತು ಸಂಖ್ಯೆಯ ಫಲಕ ಹಾಕಬೇಕೆಂದು ಆಜ್ಞೆ ಹೊರಡಿಸಿತು. ಬ್ರಿಟನ್ 1903ರಲ್ಲಿ ಮೋಟಾರ್ ಕಾರ್ ಕಾಯ್ದೆ ಮಾಡಿ, 1904ರ ಜನವರಿ 1ರಿಂದ ಪ್ರತಿ ಕಾರಿಗೂ ನೋಂದಣಿ ಕಡ್ಡಾಯಗೊಳಿಸಿತು. ಕುದುರೆಗಿಂತ ವೇಗವಾಗಿ ಓಡುವ, ಅಪಘಾತ ಮಾಡಿ ಕಣ್ಮರೆಯಾಗಬಲ್ಲ ಯಂತ್ರವೊಂದು ಬೀದಿಗೆ ಬಂದಾಗ ಅದು ಯಾರದು ಎಂದು ಹೇಳುವ ಗುರುತು ಬೇಕಾಯಿತು. ನಮ್ಮಲ್ಲಿಯೂ 20ನೆಯ ಶತಮಾನದ ಮೊದಲ ದಶಕದಲ್ಲೇ ಬಂಗಾಳ, ಬೊಂಬಾಯಿ, ಮದರಾಸು ಪ್ರಾಂತಗಳು ತಮ್ಮ ತಮ್ಮ ಮೋಟಾರು ಕಾನೂನುಗಳನ್ನು ಮಾಡಿಕೊಂಡವು. 1914ರ ಮೋಟಾರು ವಾಹನ ಕಾಯ್ದೆ ಅವುಗಳ ಜಾಗದಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಕಾನೂನು ತಂದು, ವಿವರಗಳನ್ನು ಪ್ರಾಂತಗಳ ನಿಯಮಗಳಿಗೆ ಬಿಟ್ಟಿತು. ಈ ಮೊದಲ ಘಟ್ಟದಲ್ಲಿ ನಂಬರಿನ ಮುಖ್ಯ ಕೆಲಸ ಗಾಡಿಯಿಂದ ಮಾಲೀಕನನ್ನು ಪತ್ತೆಹಚ್ಚುವುದು. ಗುರುತು ಸ್ಥಿರವಾಗಿದ್ದಷ್ಟೂ ಆ ಕೆಲಸ ಚೆನ್ನಾಗಿ ನಡೆಯುತ್ತದೆ.

ಎರಡನೆಯ ಕೆಲಸ ಬಂದದ್ದು ರಸ್ತೆಗಳ ಖರ್ಚಿನಿಂದ. ಮೊದಲ ಮಹಾಯುದ್ಧದ ನಂತರ ಲಾರಿ, ಬಸ್ಸು, ಕಾರುಗಳು ಹೆಚ್ಚಿ ಹಳೆಯ ರಸ್ತೆಗಳು ಕಿತ್ತುಹೋಗತೊಡಗಿದವು. 1927ರಲ್ಲಿ ನೇಮಕವಾದ ಎಂ. ಆರ್. ಜಯಕರ್ ಸಮಿತಿ ಈ ಸಮಸ್ಯೆಯನ್ನು ಪರಿಶೀಲಿಸಿತು. ಪೆಟ್ರೋಲಿನ ಮೇಲಿನ ಸುಂಕದ ಹಣದಿಂದ 1929ರಲ್ಲಿ ರಸ್ತೆ ನಿಧಿ ಆರಂಭವಾಯಿತು. ಪ್ರಾಂತಗಳು ವಾಹನದ ಮೇಲೆಯೇ ತೆರಿಗೆ ಹಾಕುವ ದಾರಿ ಹಿಡಿದವು: ಮದರಾಸು 1931ರಲ್ಲಿ, ಬೊಂಬಾಯಿ 1935ರಲ್ಲಿ ತಮ್ಮ ಮೋಟಾರು ತೆರಿಗೆ ಕಾನೂನುಗಳನ್ನು ಮಾಡಿದವು. ಇದಾದ ಮೇಲೆ ಬಂದದ್ದು 1939ರ ಮೋಟಾರು ವಾಹನ ಕಾಯ್ದೆ. ಅದರ ಆರನೆಯ ಅನುಸೂಚಿ ಪ್ರತಿ ಪ್ರಾಂತಕ್ಕೂ ಅಕ್ಷರಗಳ ಗುಂಪುಗಳನ್ನು ಹಂಚಿತು. ಅಕ್ಷರಗಳ ನಂತರ ನಾಲ್ಕಕ್ಕಿಂತ ಹೆಚ್ಚಿಲ್ಲದ ಅಂಕಿಗಳು. ಒಂದು ಕಡೆ ಮಾಡಿಸಿದ ನೋಂದಣಿ ಎಲ್ಲ ಕಡೆಯೂ ನಡೆಯುತ್ತದೆ ಎಂದು ಆ ಕಾಯ್ದೆ ಹೇಳಿತು. ಜೊತೆಗೇ, ಗಾಡಿಯನ್ನು ಬೇರೆ ಪ್ರಾಂತದಲ್ಲಿ ದೀರ್ಘಕಾಲ ಇಟ್ಟುಕೊಂಡರೆ ಅಲ್ಲಿಯ ಹೊಸ ಗುರುತು ಪಡೆಯಬೇಕೆಂದೂ ವಿಧಿಸಿತು. ನಾವು ಇಂದು ಪಾಲಿಸುತ್ತಿರುವ ನಿಯಮದ ಬೇರು ಇಲ್ಲಿದೆ.

ಆ ಕಾಲಕ್ಕೆ ಆ ನಿಯಮ ಸರಿಯಾದದ್ದೇ ಆಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನೋಂದಣಿಯ ದಾಖಲೆ ಎಂದರೆ ಆಯಾ ಕಚೇರಿಯ ಕಪಾಟಿನಲ್ಲಿದ್ದ ದಪ್ಪ ಪುಸ್ತಕ. ಧಾರವಾಡದಲ್ಲಿ ಅಪಘಾತ ಮಾಡಿದ ಮದರಾಸು ನಂಬರಿನ ಗಾಡಿಯ ಮಾಲೀಕನನ್ನು ಹುಡುಕಲು ಮದರಾಸಿಗೆ ಪತ್ರ ಬರೆದು ಕಾಯಬೇಕಿತ್ತು. ಗಾಡಿ ಎಲ್ಲಿದೆಯೋ ಅಲ್ಲಿಯ ಪುಸ್ತಕದಲ್ಲಿ ಅದರ ಹೆಸರಿದ್ದರೆ ಪೊಲೀಸರಿಗೂ ತೆರಿಗೆಯವರಿಗೂ ಅನುಕೂಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆಗ ತೆರಿಗೆಯನ್ನು ಮೂರು ತಿಂಗಳಿಗೋ ವರ್ಷಕ್ಕೋ ಕಟ್ಟುತ್ತಿದ್ದರು. ಊರು ಬಿಟ್ಟವರು ಮುಂದಿನ ಕಂತನ್ನು ಹೊಸ ಜಾಗದಲ್ಲಿ ಕಟ್ಟಿದರೆ ಲೆಕ್ಕ ಮುಗಿಯಿತು. ನಂಬರು ಬದಲಿಸುವುದು ಸ್ವಲ್ಪ ಓಡಾಟದ ಕೆಲಸವೇ ಹೊರತು ಕುಟುಂಬದ ಕೂಡಿಟ್ಟ ಹಣಕ್ಕೆ ಕೈಹಾಕುವ ಕೆಲಸವಾಗಿರಲಿಲ್ಲ. ಹೀಗೆ ಎರಡು ಕೆಲಸಗಳೂ ಒಂದೇ ಫಲಕದ ಮೇಲೆ ದೊಡ್ಡ ಜಗಳವಿಲ್ಲದೆ ಇದ್ದವು.

ಕನ್ನಡ ನಾಡಿನ ಚರಿತ್ರೆ ಈ ವಿಷಯಕ್ಕೆ ಒಳ್ಳೆಯ ಸಾಕ್ಷಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯ ವಿಸ್ತರಿಸಿದಾಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಗಳು ಬೊಂಬಾಯಿಯಿಂದ ಬಂದವು. ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದಿನಿಂದ. ದಕ್ಷಿಣ ಕನ್ನಡ ಮದರಾಸಿನಿಂದ. ಕೊಡಗು ತನ್ನದೇ ಆಡಳಿತದಿಂದ. ಒಂದೊಂದು ಭಾಗದಲ್ಲಿ ಒಂದೊಂದು ಮೋಟಾರು ತೆರಿಗೆ ಕಾನೂನು. ಅವನ್ನೆಲ್ಲ ಒಂದುಗೂಡಿಸಲು ಬಂದದ್ದೇ 1957ರ ಮೋಟಾರು ವಾಹನ ತೆರಿಗೆ ಕಾಯ್ದೆ. ಇಂದಿಗೂ ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ವಸೂಲಾಗುವುದು, ಎಷ್ಟೋ ತಿದ್ದುಪಡಿಗಳೊಂದಿಗೆ, ಅದರ ಅಡಿಯಲ್ಲೇ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಆದರೆ ಎಂವೈ ಅಕ್ಷರಗಳಿಂದ ಶುರುವಾಗುವ ಗಾಡಿಗಳು ಅದೇ ನಂಬರಿನಲ್ಲಿ ಓಡಿದವು. ಸಿಎ, ಎಂಇ ಎಂದು ಶುರುವಾಗುವ ಸರಣಿಗಳೂ ಅವುಗಳ ಜೊತೆಗಿದ್ದವು. 1989ರ ಜುಲೈ 1ರಂದು 1988ರ ಹೊಸ ಕಾಯ್ದೆ ಜಾರಿಗೆ ಬಂದು, ರಾಜ್ಯಕ್ಕೆ ಎರಡು ಅಕ್ಷರ, ಕಚೇರಿಗೆ ಎರಡು ಅಂಕಿ ಎಂಬ ಇಂದಿನ ಪದ್ಧತಿ ಆರಂಭವಾಯಿತು: ಕೋರಮಂಗಲಕ್ಕೆ ಕೆಎ 01, ಮೈಸೂರಿಗೆ ಕೆಎ 09, ಹುಬ್ಬಳ್ಳಿ-ಧಾರವಾಡಕ್ಕೆ ಕೆಎ 25. ಆಗಲೂ ಹಳೆಯ ಗಾಡಿಗಳ ನಂಬರು ಕಿತ್ತು ಹೊಸದು ಹಾಕಲಿಲ್ಲ. ಈಚೆಗೆ ಒರಿಸ್ಸಾದ ಓಆರ್ ಓಡಿ ಆಯಿತು, ಆಂಧ್ರದಿಂದ ತೆಲಂಗಾಣ ಬೇರೆಯಾಯಿತು. ಎಪಿ ಎಂದು ಬರೆದ ಹಳೆಯ ಗಾಡಿಗಳು ಹೈದರಾಬಾದಿನಲ್ಲಿ ಈಗಲೂ ಓಡುತ್ತಿವೆ. ರಾಜ್ಯವೇ ಹೆಸರು, ಗಡಿ ಬದಲಿಸಿದರೂ ಹಳೆಯ ಗಾಡಿಯ ನಂಬರು ಉಳಿಯಬಹುದು. ಮಾಲೀಕ ಮನೆ ಬದಲಿಸಿದರೆ ಮಾತ್ರ ಉಳಿಯಬಾರದು. ಗುರುತಿಸುವ ಕೆಲಸಕ್ಕೆ ಹೊಸ ನಂಬರು ಬೇಕೇಬೇಕು ಎನ್ನುವವರು ಈ ವಿರೋಧಾಭಾಸಕ್ಕೆ ಉತ್ತರ ಕೊಡಲಾರರು.

ಸಮತೋಲ ನಿಜವಾಗಿ ಕೆಟ್ಟದ್ದು ಲೈಫ್ ಟ್ಯಾಕ್ಸ್ ಬಂದ ಮೇಲೆ. ಕಂತುಗಳನ್ನು ಬಿಟ್ಟು, ಸ್ವಂತ ಬಳಕೆಯ ಕಾರು, ಬೈಕುಗಳಿಗೆ ಜೀವಿತಾವಧಿಯ ತೆರಿಗೆಯನ್ನು ಕೊಳ್ಳುವ ದಿನವೇ ಒಟ್ಟಿಗೆ ಕಟ್ಟಿಸಿಕೊಳ್ಳುವ ಪದ್ಧತಿಗೆ ರಾಜ್ಯಗಳು ಒಂದೊಂದಾಗಿ ತಿರುಗಿದವು. ವಸೂಲಿಯ ಖರ್ಚು ಇಳಿಯಿತು, ಬಾಕಿ ಉಳಿಯುವುದು ನಿಂತಿತು, ಮಾಲೀಕರಿಗೂ ವರ್ಷ ವರ್ಷ ಕಚೇರಿಗೆ ಅಲೆಯುವುದು ತಪ್ಪಿತು. ಆದರೆ ಕರ್ನಾಟಕದಲ್ಲಿ ಕಾರಿನ ಬೆಲೆಯ ಮೇಲೆ ಶೇ. 13ರಿಂದ 18ರವರೆಗೆ ಇರುವ ಈ ಮೊತ್ತವನ್ನು ಒಂದು ರಾಜ್ಯಕ್ಕೆ ಪೂರ್ತಿ ಕಟ್ಟಿದವರು ಎರಡು ವರ್ಷಕ್ಕೆ ಇನ್ನೊಂದು ರಾಜ್ಯಕ್ಕೆ ಹೋದರೆ ಏನಾಗಬೇಕು? 1988ರ ಕಾಯ್ದೆಯ 47ನೆಯ ಕಲಮು 12 ತಿಂಗಳು ಮೀರಿದರೆ ಹೊಸ ಗುರುತು ಪಡೆಯಬೇಕೆನ್ನುತ್ತದೆ. 48ನೆಯ ಕಲಮಿನಂತೆ ಮೂಲ ಆರ್‌ಟಿಓದಿಂದ ಎನ್‌ಓಸಿ ತರಬೇಕು. ಗಾಡಿ ಕಳವಿನದಲ್ಲವೆಂಬ ಪೊಲೀಸ್ ದಾಖಲೆ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಹೊಸ ರಾಜ್ಯದಲ್ಲಿ ಮೊದಲು ತೆರಿಗೆ ಕಟ್ಟಿ, ಹೊಸ ನಂಬರು ಬಂದ ಮೇಲೆ ಹಳೆಯ ರಾಜ್ಯಕ್ಕೆ ಹಿಂತಿರುಗಿ ಉಳಿಕೆ ಅವಧಿಯ ಹಣ ಮರಳಿಸಿ ಎಂದು ಅರ್ಜಿ ಹಾಕಬೇಕು. ಕಂತಿನ ಕಾಲಕ್ಕೆಂದು ಮಾಡಿದ ನಿಯಮವನ್ನು ಇಡುಗಂಟಿನ ಕಾಲಕ್ಕೂ ಹಾಗೆಯೇ ಎಳೆದುತಂದದ್ದರಿಂದ, ಎರಡು ಖಜಾನೆಗಳ ನಡುವಿನ ಲೆಕ್ಕ ಚುಕ್ತಾ ಮಾಡುವ ಹೊರೆ ಊರು ಬಿಟ್ಟು ಬಂದ ಕುಟುಂಬದ ತಲೆಗೆ ಬಿತ್ತು. ಇದು ಅನ್ಯಾಯ.

ಈ ಒತ್ತಡ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಕರ್ನಾಟಕವೇ ಉದಾಹರಣೆ. 2014ರಲ್ಲಿ ನಮ್ಮ ತೆರಿಗೆ ಕಾಯ್ದೆಗೆ ತಂದ ತಿದ್ದುಪಡಿ, ಹೊರರಾಜ್ಯದ ಗಾಡಿ ಇಲ್ಲಿ 30 ದಿನ ಮೀರಿ ಇದ್ದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದಿತು. ಹೊಸ ಗುರುತಿಗೆ ಕೇಂದ್ರದ ಕಾಯ್ದೆ ಕೊಟ್ಟದ್ದು 12 ತಿಂಗಳು; ತೆರಿಗೆಗೆ ರಾಜ್ಯ ಕೊಟ್ಟದ್ದು ಒಂದು ತಿಂಗಳು. ಬೆಂಗಳೂರಿನ ರಸ್ತೆಗಳಲ್ಲಿ ಹೊರರಾಜ್ಯದ ನಂಬರು ಕಂಡರೆ ತಡೆದು ನಿಲ್ಲಿಸುವುದು ಸಾಮಾನ್ಯವಾಯಿತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಈ 30 ದಿನಗಳ ನಿಯಮವನ್ನು ಒಪ್ಪದೆ ತಳ್ಳಿಹಾಕಿತು. ತೀರ್ಪಿನ ಕಾನೂನು ಸೂಕ್ಷ್ಮಗಳನ್ನು ಬದಿಗಿಟ್ಟು ನೋಡಿದರೂ ಒಂದು ಮಾತು ಎದ್ದುಕಾಣುತ್ತದೆ. ಗಾಡಿ ಯಾರದೆಂದು ತಿಳಿಸಬೇಕಾದ ಫಲಕವನ್ನು ಗಾಡಿ ಪರಸ್ಥಳದ್ದು ಎಂದು ಸಾರುವ ಫಲಕವಾಗಿ ಓದಲಾಗುತ್ತಿತ್ತು. ಅಪರಾಧವೇನೂ ಮಾಡದ ಚಾಲಕ ತನ್ನ ನಂಬರಿನ ಮೊದಲ ಎರಡು ಅಕ್ಷರಗಳಿಗಾಗಿ ವಿವರಣೆ ಕೊಡಬೇಕಾಯಿತು.

ರಾಜ್ಯಗಳ ಪರವಾಗಿ ಒಂದು ಗಟ್ಟಿ ವಾದವಿದೆ. ಅದಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಗಾಡಿ ಯಾವ ರಸ್ತೆಯನ್ನು ಸವೆಸುತ್ತದೆಯೋ ಆ ರಸ್ತೆ ಕಟ್ಟಿದವರಿಗೆ ಹಣ ಸಲ್ಲಬೇಕಲ್ಲವೇ? ವಾಹನಗಳ ಮೇಲಿನ ತೆರಿಗೆಯನ್ನು ಸಂವಿಧಾನದ ರಾಜ್ಯಪಟ್ಟಿಯ 57ನೆಯ ನಮೂದು ರಾಜ್ಯಗಳಿಗೇ ಕೊಟ್ಟಿದೆ. 1962ರಲ್ಲಿ ರಾಜಸ್ಥಾನದ ಸಾರಿಗೆ ಕಂಪನಿಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಇಂಥ ತೆರಿಗೆ ರಸ್ತೆಯ ಸೌಲಭ್ಯಕ್ಕೆ ಪ್ರತಿಯಾಗಿ ಕೊಡುವ ಹಣವಾದ್ದರಿಂದ ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದಿತು. 2016ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಸಿದ್ಧಾಂತವನ್ನು ಕೈಬಿಟ್ಟರೂ, ಅದರ ಹಿಂದಿನ ನ್ಯಾಯಬುದ್ಧಿ ಹಾಗೇ ಉಳಿಯುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ವರ್ಷಗಟ್ಟಲೆ ಓಡುವ ಗಾಡಿಯ ತೆರಿಗೆಯಲ್ಲಿ ಕರ್ನಾಟಕಕ್ಕೆ ಪಾಲು ಸಿಗಲೇಬೇಕು. ಆದರೆ ಈ ವಾದದಿಂದ ಸಿದ್ಧವಾಗುವುದು ಹಣ ಗಾಡಿಯ ಹಿಂದೆ ಹೋಗಬೇಕೆಂಬುದು ಮಾತ್ರ, ನಂಬರು ಬದಲಾಗಬೇಕೆಂಬುದಲ್ಲ. ಬೀದರಿನ ಗಾಡಿ ಮೈಸೂರಿಗೆ ಬಂದಾಗ ಹೊಸ ವಿಳಾಸ ಆರ್‌ಸಿಯಲ್ಲೇ ದಾಖಲಾಗುತ್ತದೆ. ರಾಜ್ಯ ಬದಲಾದುದನ್ನೂ ಹಾಗೆಯೇ ದಾಖಲಿಸಿ, ಹಣವನ್ನು ಅದರಂತೆ ಹಂಚಬಹುದು.

ಎರಡನೆಯ ಆಕ್ಷೇಪ ಭದ್ರತೆಯದು. ಗಾಡಿ ಎಲ್ಲಿದೆಯೋ ಅಲ್ಲಿಯ ನಂಬರು ಇದ್ದರೆ ಕಳವು, ಅಪಘಾತಗಳ ತನಿಖೆ ಸುಲಭ ಎನ್ನುತ್ತಾರೆ. ಕಪಾಟಿನ ಪುಸ್ತಕಗಳ ಕಾಲದಲ್ಲಿ ಅದು ನಿಜ. ಇಂದು ದೇಶದ ನೋಂದಣಿ ದಾಖಲೆಗಳು ‘ವಾಹನ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿವೆ. 2019ರ ತಿದ್ದುಪಡಿ ರಾಷ್ಟ್ರೀಯ ವಾಹನ ನೋಂದಣಿಗೆ ಕಾನೂನಿನಲ್ಲೇ ಸ್ಥಾನ ಕೊಟ್ಟಿತು. ಅದೇ ತಿದ್ದುಪಡಿ, ಮಾಲೀಕರು ತಮ್ಮ ರಾಜ್ಯದ ಯಾವ ಆರ್‌ಟಿಓದಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದೆಂದಿತು. ಅಂದರೆ ಕಚೇರಿಯ ಅಂಕಿ ಗಾಡಿಯ ಊರನ್ನು ಹೇಳಲೇಬೇಕು ಎಂಬ ನಂಬಿಕೆಯನ್ನು ಕಾನೂನೇ ಬಿಟ್ಟಿದೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ಫಲಕದಲ್ಲಿ ಹೊಲೊಗ್ರಾಂ, ಲೇಸರಿನಿಂದ ಕೆತ್ತಿದ ಕ್ರಮಸಂಖ್ಯೆ, ಒಮ್ಮೆ ಬಿಚ್ಚಿದರೆ ಮತ್ತೆ ಬಳಸಲಾಗದ ಬೀಗ ಇವೆ. ಅದಕ್ಕಿಂತ ಹಳೆಯ ಗಾಡಿಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ 2023ರಲ್ಲಿ ಆದೇಶಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಇಷ್ಟೆಲ್ಲ ಶ್ರಮ ಒಂದು ಗಾಡಿಗೆ ಒಂದು ಭದ್ರ ಗುರುತು ಇರಲೆಂದು. ವಿಮೆ, ಹೊಗೆ ತಪಾಸಣೆ, ಫಾಸ್ಟ್ಯಾಗ್, ದಂಡದ ಇ-ಚಲನ್ ಎಲ್ಲವೂ ಈಗ ಆ ನಂಬರಿಗೇ ಜೋಡಣೆಯಾಗಿವೆ. ನಂಬರು ಬದಲಾದಾಗಲೆಲ್ಲ ಇವನ್ನೆಲ್ಲ ಮರುಜೋಡಿಸಬೇಕು. ಹಳೆಯ ದಂಡ, ಹಳೆಯ ಅಪಘಾತಗಳ ಜಾಡು ಮಸುಕಾಗುವ ಅಪಾಯವೂ ಇದೆ. ಭದ್ರತೆಯೇ ಮುಖ್ಯವೆನ್ನುವವರು ಕೇಳಬೇಕಾದದ್ದು ಬದಲಾಗದ ನಂಬರನ್ನು.

ಹೊರದೇಶಗಳ ಅನುಭವ ಇದನ್ನೇ ಹೇಳುತ್ತದೆ. ಫ್ರಾನ್ಸಿನಲ್ಲಿ ನಂಬರಿನ ಕೊನೆಗೆ ಜಿಲ್ಲೆಯ ಸಂಖ್ಯೆ ಇರುತ್ತಿತ್ತು. ಬೇರೆ ಜಿಲ್ಲೆಗೆ ಹೋದರೆ ನಂಬರು ಬದಲಾಗಬೇಕಿತ್ತು. 2009ರಿಂದ ಅಲ್ಲಿ ಗಾಡಿಗೆ ಜೀವನಪೂರ್ತಿ ಒಂದೇ ಸಂಖ್ಯೆ. ಊರಿನ ಅಭಿಮಾನಕ್ಕೂ ಅಲ್ಲಿ ಜಾಗ ಬಿಟ್ಟಿದ್ದಾರೆ: ಫಲಕದ ಅಂಚಿನ ಪಟ್ಟಿಯಲ್ಲಿ ತನಗೆ ಪ್ರಿಯವಾದ ಜಿಲ್ಲೆಯ ಸಂಖ್ಯೆಯನ್ನು ಮಾಲೀಕ ಆರಿಸಿಕೊಳ್ಳಬಹುದು. ಸ್ಪೇನ್ 2000ದಲ್ಲಿ ಪ್ರಾಂತದ ಅಕ್ಷರಗಳನ್ನೇ ಹೊಸ ನಂಬರುಗಳಿಂದ ತೆಗೆದುಹಾಕಿತು. ಇವು ಒಕ್ಕೂಟ ದೇಶಗಳಲ್ಲ, ನಮಗೆ ಹೋಲಿಕೆ ಸಲ್ಲದು ಎಂದರೆ ಜರ್ಮನಿಯನ್ನು ನೋಡಬಹುದು. ಅಲ್ಲಿ ವಾಹನ ತೆರಿಗೆಯ ಆದಾಯ ರಾಜ್ಯಗಳದ್ದಾಗಿತ್ತು. 2009ರ ಜುಲೈ 1ರಿಂದ ಅದು ಒಕ್ಕೂಟ ಸರ್ಕಾರಕ್ಕೆ ಹೋಯಿತು, ರಾಜ್ಯಗಳಿಗೆ ಪರಿಹಾರದ ಮೊತ್ತ ನಿಗದಿಯಾಯಿತು. 2015ರ ಜನವರಿ 1ರಿಂದ ಮ್ಯೂನಿಕ್‌ನವರು ಬರ್ಲಿನ್‌ಗೆ ಮನೆ ಬದಲಿಸಿದರೂ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ವಿಳಾಸವನ್ನು ಮಾತ್ರ ದಾಖಲಿಸಬೇಕು. ಹಣದ ಪ್ರಶ್ನೆಯನ್ನು ಸರ್ಕಾರಗಳು ತಮ್ಮತಮ್ಮೊಳಗೆ ತೀರಿಸಿಕೊಂಡರೆ, ಒಕ್ಕೂಟ ದೇಶದಲ್ಲೂ ನಂಬರನ್ನು ಗಾಡಿಗೇ ಬಿಟ್ಟುಕೊಡಬಹುದು ಎಂಬುದು ಇದರಿಂದ ಖಚಿತವಾಗುತ್ತದೆ.

ಭಾರತವೂ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ. 2021ರ ಆಗಸ್ಟಿನಲ್ಲಿ ಅಧಿಸೂಚನೆಯಾಗಿ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಬಿಎಚ್ ಸರಣಿಯಲ್ಲಿ ರಾಜ್ಯದ ಅಕ್ಷರವಿಲ್ಲ. ನೋಂದಣಿಯ ವರ್ಷ, ಬಿಎಚ್, ನಾಲ್ಕು ಅಂಕಿ, ಕೊನೆಗೆ ಅಕ್ಷರಗಳು. ಇದರ ತಿರುಳಿರುವುದು ಅಕ್ಷರಗಳಲ್ಲಲ್ಲ, ತೆರಿಗೆ ಕಟ್ಟುವ ಕ್ರಮದಲ್ಲಿ. ಲೈಫ್ ಟ್ಯಾಕ್ಸಿನ ಬದಲು ಎರಡು ವರ್ಷಕ್ಕೊಮ್ಮೆ ಕಟ್ಟಿದರಾಯಿತು. ದರದ ಲೆಕ್ಕ ಹತ್ತು ಲಕ್ಷದೊಳಗಿನ ಗಾಡಿಗೆ ಶೇ. 8, ಇಪ್ಪತ್ತು ಲಕ್ಷದವರೆಗೆ ಶೇ. 10, ಅದಕ್ಕೆ ಮೀರಿದರೆ ಶೇ. 12. ತೆರಿಗೆಯನ್ನು ಮತ್ತೆ ಕಂತಿಗೆ ತಿರುಗಿಸಿದೊಡನೆ ನಂಬರು ಬದಲಿಸುವ ಅಗತ್ಯವೇ ಮಾಯವಾಯಿತು. ಆದರೆ ಈ ಸೌಲಭ್ಯ ಯಾರಿಗೆ? ಸೈನಿಕರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರಿಗೆ. ಕೆಲಸ ಹುಡುಕಿಕೊಂಡು ಪುಣೆಗೆ ಹೋಗುವ ಇಂಡಿ ಊರಿನ ಮೆಕ್ಯಾನಿಕ್, ಮಂಗಳೂರಿನ ಸಣ್ಣ ಆಸ್ಪತ್ರೆಗೆ ಬರುವ ಕಾಸರಗೋಡಿನ ನರ್ಸ್, ಗೋವಾದಲ್ಲಿ ಅಂಗಡಿ ಇಟ್ಟ ಕಾರವಾರದವರು ಇದರ ಹೊರಗೇ ಉಳಿದರು. ದೊಡ್ಡ ಕಂಪನಿಯ ನೌಕರನ ಗಾಡಿಗೆ ಸಿಕ್ಕ ಸ್ವಾತಂತ್ರ್ಯ ಮೆಕ್ಯಾನಿಕ್‌ನ ಬೈಕಿಗೆ ಸಿಗದಿರುವುದಕ್ಕೆ ಯಾವ ನ್ಯಾಯವೂ ಇಲ್ಲ. ಕಟ್ಟುವ ದರ ರಾಜ್ಯಗಳ ದರಕ್ಕಿಂತ ಕಡಿಮೆಯಾದ್ದರಿಂದ ಕರ್ನಾಟಕದಂಥ ರಾಜ್ಯಗಳು ಹಿಂಜರಿದವು. ಖಾಸಗಿ ನೌಕರರ ವಿಷಯ ಇಲ್ಲಿ ಹೈಕೋರ್ಟಿನವರೆಗೂ ಹೋಯಿತು. ತತ್ವ ಸರಿಯಾಗಿದ್ದ ಸುಧಾರಣೆ ಕೆಲವರಿಗಷ್ಟೇ ಮೀಸಲಾದದ್ದರಿಂದ ಸೊರಗಿತು.

ದರ ಕಡಿಮೆ ಇರುವ ಕಡೆ ನೋಂದಣಿ ಮಾಡಿಸಿ ಬೇರೆಡೆ ಓಡಿಸುವವರ ಮಾತೇನು ಎಂಬ ಪ್ರಶ್ನೆ ಉಳಿಯುತ್ತದೆ. ದುಬಾರಿ ಕಾರುಗಳನ್ನು ಪುದುಚೇರಿಯಲ್ಲಿ ನೋಂದಾಯಿಸುವ ಚಾಳಿ ಎಲ್ಲರಿಗೂ ಗೊತ್ತಿರುವುದೇ, ಅದನ್ನು ತಡೆಯಲೇಬೇಕು. ಆದರೆ ಆ ಚಾಳಿಗೆ ಆಸ್ಪದ ಕೊಟ್ಟದ್ದೇ ಮೊದಲ ದಿನದ ಇಡುಗಂಟು ತೆರಿಗೆ ಮತ್ತು ಅದನ್ನು ನಂಬರಿಗೆ ಕಟ್ಟಿಹಾಕಿದ ವ್ಯವಸ್ಥೆ. ಮಾಲೀಕನ ವಾಸದ ವಿಳಾಸದಂತೆ ತೆರಿಗೆ ಬಂದರೆ, ಫಲಕದ ಮೇಲೆ ಯಾವ ಅಕ್ಷರವಿದ್ದರೂ ಲಾಭವಿಲ್ಲ. ಇದಕ್ಕೆ ರಾಜ್ಯಗಳ ಅಧಿಕಾರ ಕಿತ್ತುಕೊಳ್ಳಬೇಕಾಗಿಲ್ಲ; ಜಿಎಸ್‌ಟಿಯ ನಂತರ ರಾಜ್ಯಗಳ ಕೈಯಲ್ಲಿ ಉಳಿದ ಕೆಲವೇ ತೆರಿಗೆಗಳಲ್ಲಿ ಇದೊಂದು, ಅದು ಅವುಗಳ ಕೈಯಲ್ಲೇ ಇರಬೇಕು. ವಾಹನ ತೆರಿಗೆ ಯಾವ ತತ್ವದ ಮೇಲೆ ಇರಬೇಕೆಂದು ಹೇಳುವ ಅಧಿಕಾರವನ್ನು ಸಮವರ್ತಿ ಪಟ್ಟಿಯ 35ನೆಯ ನಮೂದು ಸಂಸತ್ತಿಗೂ ಕೊಟ್ಟಿದೆ. ಅದನ್ನು ಬಳಸಿ ಮೂರು ಮಾತುಗಳನ್ನು ಕಾನೂನು ಮಾಡಿದರೆ ಸಾಕು: ಗಾಡಿಗೆ ಕೊಟ್ಟ ನಂಬರು ಅದು ಗುಜರಿಗೆ ಹೋಗುವವರೆಗೆ ಬದಲಾಗದು, ಮಾಲೀಕ ರಾಜ್ಯ ಬದಲಿಸಿದಾಗ ವಿಳಾಸ ದಾಖಲಿಸುವುದಷ್ಟೇ ಅವನ ಕರ್ತವ್ಯ, ಉಳಿದ ಅವಧಿಯ ತೆರಿಗೆ ಒಂದು ಖಜಾನೆಯಿಂದ ಇನ್ನೊಂದಕ್ಕೆ ನೇರವಾಗಿ ಸಲ್ಲಬೇಕು, ದರದ ವ್ಯತ್ಯಾಸವಿದ್ದರೆ ಅದನ್ನು ಮಾತ್ರ ಮಾಲೀಕನಿಂದ ಪಡೆಯಬೇಕು. ಅಂತರರಾಜ್ಯ ಮಾರಾಟದ ಜಿಎಸ್‌ಟಿಯಲ್ಲಿ ಸರಕು ಬಳಕೆಯಾಗುವ ರಾಜ್ಯಕ್ಕೆ ಪಾಲು ತಲುಪಿಸುವ ವ್ಯವಸ್ಥೆ 2017ರಿಂದ ನಡೆಯುತ್ತಿದೆ. ವಾಹನ ತೆರಿಗೆಗೆ ಅದು ಅಸಾಧ್ಯವಲ್ಲ. ಕೆಲಸಕ್ಕೆಂದು ಹೊರಗಿನಿಂದ ಬರುವವರು ಹೆಚ್ಚಿರುವ ಕರ್ನಾಟಕಕ್ಕೆ ಇದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು. ಸಂವಿಧಾನ ಭಾರತದ ನಾಗರಿಕರಿಗೆ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಚಲಾಯಿಸಿದ್ದಕ್ಕಾಗಿ ಯಾರೂ ಎರಡು ಸಲ ತೆರಿಗೆ ಕಟ್ಟುವಂತಾಗಬಾರದು, ಎರಡು ಕಚೇರಿಗಳ ನಡುವೆ ಅಲೆಯುವಂತಾಗಬಾರದು.